ಸಣ್ಣ ಎಂಜಿನ್ ಕಾರಿಗೆ ಯಾವ ಗಾತ್ರದ ಟೈರ್? ಆಲ್ಟೊ 800 ಇಟ್ಟುಕೊಂಡು ಒಂದು ಲೆಕ್ಕ

ಆಲ್ಟೊ 800ಕ್ಕೆ ಕಂಪನಿ ಕೊಟ್ಟ ಟೈರ್ 145/80 ಆರ್12. ಈ ಗಾಡಿಯ ತಯಾರಿಕೆ 2023ರಲ್ಲಿ ನಿಂತಿತು. ಮಾರುತಿ 800 ಅದಕ್ಕೂ ಮೊದಲು, 2014ರಲ್ಲೇ ನಿಂತಿತ್ತು. ರಸ್ತೆಯ ಮೇಲೆ ಇಂಥ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಆದರೆ ಅಂಗಡಿಗೆ ಹೋಗಿ 12 ಇಂಚಿನ ಟೈರ್ ಕೇಳಿದರೆ ಒಂದೆರಡು ಪ್ಯಾಟರ್ನ್ ತೋರಿಸುತ್ತಾರೆ, ಜೊತೆಗೇ "13ಕ್ಕೆ ಹೋಗಿಬಿಡಿ ಸಾರ್, ಲುಕ್ಕೂ ಬರುತ್ತೆ, ಗ್ರಿಪ್ಪೂ ಬರುತ್ತೆ" ಎಂಬ ಸಲಹೆಯೂ ಬರುತ್ತದೆ. ಸಲಹೆ ಪೂರ್ತಿ ತಪ್ಪಲ್ಲ. 13 ಇಂಚಿನಲ್ಲಿ ಈ ಗಾಡಿಗೆ ಚೆನ್ನಾಗಿ ಹೊಂದುವ ಗಾತ್ರವೂ ಇದೆ, ಘಾಟಿಯಲ್ಲಿ ಉಸಿರು ಕಟ್ಟಿಸುವ ಗಾತ್ರವೂ ಇದೆ. ರಿಮ್ ನಂಬರ್ ಒಂದನ್ನೇ ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲು ನೋಡಬೇಕಾದದ್ದು ಗಾಳಿ ತುಂಬಿದ ಟೈರಿನ ಪೂರ್ತಿ ಎತ್ತರ, ಅಂದರೆ ಹೊರವ್ಯಾಸ. ಅಗಲ, ಲುಕ್ಕು, ಅಲಾಯ್ (ಮಿಶ್ರಲೋಹದ ರಿಮ್) ಎಲ್ಲ ಆಮೇಲಿನ ಮಾತು.

ಹೊರವ್ಯಾಸ ಲೆಕ್ಕ ಹಾಕುವುದು

145/80 ಆರ್12 74ಟಿ ಎಂದು ಟೈರಿನ ಪಕ್ಕೆಯ ಮೇಲೆ ಬರೆದಿರುತ್ತದೆ. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ. 80. ಆರ್ ಎಂದರೆ ರೇಡಿಯಲ್, 12 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. 74 ಭಾರದ ಸೂಚ್ಯಂಕ, ಟಿ ವೇಗದ ಮಿತಿ.

ಪಕ್ಕೆಯ ಎತ್ತರ 145ರ ಶೇ. 80, ಅಂದರೆ 116 ಮಿ.ಮೀ. ಪಕ್ಕೆ ಮೇಲೊಂದು, ಕೆಳಗೊಂದು ಬರುವುದರಿಂದ 232. ರಿಮ್ 12 ಇಂಚು, ಇಂಚಿಗೆ 25.4ರಂತೆ 304.8 ಮಿ.ಮೀ. ಎರಡನ್ನೂ ಕೂಡಿದರೆ 536.8 ಮಿ.ಮೀ. ಆಲ್ಟೊ 800ರ ಗೇರ್‌ಬಾಕ್ಸ್, ಸ್ಪೀಡೋಮೀಟರ್, ನೆಲದಿಂದಿರುವ ಎತ್ತರ ಎಲ್ಲವೂ ಈ ಅಳತೆಗೆ ಹೊಂದಿಸಿದ್ದು. ನಿಜವಾಗಿ ಉರುಳುವಾಗ ಗಾಡಿಯ ಭಾರಕ್ಕೆ ಟೈರ್ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಒಂದು ಸುತ್ತಿಗೆ ಸಾಗುವ ದೂರ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಎರಡು ಗಾತ್ರ ಹೋಲಿಸುವಾಗ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಈ ಸರಳ ಲೆಕ್ಕ ಸಾಕು.

ಹೋಲಿಕೆ ಯಾವಾಗಲೂ ಹೊಸ ಟೈರಿಗೂ ಹೊಸ ಟೈರಿಗೂ ನಡುವೆ ಇರಲಿ. ಏಳೂವರೆ ಮಿ.ಮೀ. ಇದ್ದ ಕಟ್ಟು (ರಸ್ತೆಗೆ ತಾಗುವ ರಬ್ಬರಿನ ಮೇಲಿನ ಗೀರುಗಳ ಆಳ) ಕಾನೂನಿನ ಮಿತಿಯಾದ 1.6 ಮಿ.ಮೀ.ಗೆ ಸವೆದಾಗ ವ್ಯಾಸ ಸುಮಾರು 12 ಮಿ.ಮೀ. ಕಡಿಮೆಯಾಗಿರುತ್ತದೆ, ಶೇ. 2ಕ್ಕಿಂತ ಹೆಚ್ಚು. ಸವೆದದ್ದನ್ನು ಬಿಚ್ಚಿ ಅದೇ ಗಾತ್ರದ ಹೊಸದು ಹಾಕಿದ ಮೇಲೂ "ಪಿಕಪ್ ಸ್ವಲ್ಪ ಕಡಿಮೆಯಾಯ್ತಲ್ಲ" ಎನಿಸುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಟೈರ್ ಎಂದರೆ ಗೇರ್ ಬದಲಾದಂತೆ

ಆಲ್ಟೊ 800ರ ಎಂಜಿನ್ 796 ಸಿಸಿ, ಟಾರ್ಕ್ (ತಿರುಗಿಸುವ ಬಲ) 69 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗುವಾಗ. ಇಷ್ಟೇ ಬಂಡವಾಳ. ಚಕ್ರದ ವ್ಯಾಸ ಹೆಚ್ಚಿದರೆ ಅದೇ ಟಾರ್ಕಿಗೆ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 145/80 ಆರ್13 ಹಾಕಿದರೆ ವ್ಯಾಸ 562.2 ಮಿ.ಮೀ. ಆಗುತ್ತದೆ, ಶೇ. 4.7 ಹೆಚ್ಚು. ಪರಿಣಾಮ ನೋಡಿದರೆ 69ರ ಎಂಜಿನ್ 66ರ ಎಂಜಿನ್ ಆದಂತೆ, ಎಲ್ಲ ಗೇರಿನಲ್ಲೂ. ನೂರಿಪ್ಪತ್ತು ಪಿಎಸ್ (ಅಶ್ವಶಕ್ತಿ) ಇರುವ ಕಾರಿನಲ್ಲಿ ಈ ಮೂರು ಯಾರಿಗೂ ಗೊತ್ತಾಗದು. ಇಲ್ಲಿ ಗೊತ್ತಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಬ್ಬರೇ ಹೋಗುವಾಗ ಅಲ್ಲ; ನಾಲ್ಕು ಜನ, ಡಿಕ್ಕಿಯಲ್ಲಿ ಲಗೇಜು, ಏಸಿ ಹಾಕಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ. ಮೊದಲು ಎರಡನೇ ಗೇರಿನಲ್ಲಿ ಸುಧಾರಿಸಿಕೊಂಡು ಹೋಗುತ್ತಿದ್ದ ತಿರುವಿನಲ್ಲಿ ಈಗ ಒಂದನೆಯದಕ್ಕೆ ಇಳಿಸಬೇಕು. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ನಿಲ್ಲುವುದು ಹೆಚ್ಚಾದರೆ ಕ್ಲಚ್ ಪ್ಲೇಟಿನ ಆಯಸ್ಸೂ ಕಡಿಮೆಯಾಗುತ್ತದೆ.

"ದೊಡ್ಡ ಟೈರ್ ಹಾಕಿದರೆ ಹೈವೇಯಲ್ಲಿ ಎಂಜಿನ್ ನಿಧಾನ ತಿರುಗುತ್ತೆ, ಮೈಲೇಜ್ ಬರುತ್ತೆ" ಎನ್ನುವವರಿದ್ದಾರೆ. ಅರ್ಧ ನಿಜ. 3000 ಸುತ್ತು ಇದ್ದಲ್ಲಿ ಸುಮಾರು 2865ಕ್ಕೆ ಇಳಿಯುತ್ತದೆ. ಆದರೆ ಸಣ್ಣ ಎಂಜಿನ್ ಐದನೇ ಗೇರಿನಲ್ಲಿ ಹೇಗೂ ಅಂಚಿನಲ್ಲೇ ಇರುತ್ತದೆ. ಫ್ಲೈಓವರ್ ಏರು ಸಿಕ್ಕರೂ ನಾಲ್ಕಕ್ಕೆ ಇಳಿಸಬೇಕಾಗುತ್ತದೆ, ಉಳಿಸಿದ್ದು ಅಲ್ಲೇ ಖರ್ಚಾಗುತ್ತದೆ.

ತೀರಾ ಚಿಕ್ಕದು ಹಾಕಿದರೆ ತೊಂದರೆ ಬೇರೆ. ಮಾರುತಿ 800ರ 145/70 ಆರ್12 ಟೈರನ್ನು "ಅದೂ 145, ಇದೂ 145, ಎರಡೂ 12" ಎಂದು ಆಲ್ಟೊಗೆ ಹಾಕಿಬಿಡುವುದು ಆಗಾಗ ಕಾಣುತ್ತದೆ. ಅದರ ವ್ಯಾಸ 507.8. ಶೇ. 5.4 ಕಡಿಮೆ. ಪಿಕಪ್ ಚುರುಕಾಗುತ್ತದೆ ನಿಜ, ಆದರೆ 80ರಲ್ಲಿ ಎಂಜಿನ್ ಅರಚತೊಡಗುತ್ತದೆ, ಗಾಡಿ ಹದಿನಾಲ್ಕೂವರೆ ಮಿ.ಮೀ. ನೆಲಕ್ಕಿಳಿಯುತ್ತದೆ. 160 ಮಿ.ಮೀ. ಇರುವ ಗಾಡಿಗೆ ಅಷ್ಟು ಇಳಿದರೆ ಬೆಂಗಳೂರಿನ ಹಂಪುಗಳು ಹೊಟ್ಟೆಗೆ ತಾಗುತ್ತವೆ. ಇದಕ್ಕೆ ತಿರುಗುಮುರುಗಾಗಿ ಆಲ್ಟೊ ಟೈರನ್ನು ಮಾರುತಿ 800ಕ್ಕೆ ಹಾಕುವವರೂ ಇದ್ದಾರೆ, ಹಳ್ಳಿ ರಸ್ತೆಗೆ ಎತ್ತರ ಸಿಗಲಿ ಎಂದು. ಅಲ್ಲಿ ವ್ಯಾಸ ಶೇ. 5.7 ಏರುತ್ತದೆ. ಆ ಎಂಜಿನ್ ಆಲ್ಟೊದ್ದಕ್ಕಿಂತಲೂ ಬಡಪಾಯಿ.

ಕಂಪನಿ ಗಾತ್ರದಿಂದ ಶೇ. 2ರ ಒಳಗಿದ್ದರೆ ನಿಶ್ಚಿಂತೆ. ಮೂರರವರೆಗೆ, ಕಾರಣ ಬಲವಾಗಿದ್ದರೆ ಮಾತ್ರ. ಟೈರ್ ಅಂಗಡಿಗಳಲ್ಲಿ ಎಲ್ಲ ಕಾರುಗಳಿಗೂ ಸೇರಿಸಿ ಹೇಳುವ ಮಿತಿ ಶೇ. 3, 800 ಸಿಸಿ ಗಾಡಿಗೆ ದೊಡ್ಡದರ ಕಡೆ ಅಷ್ಟನ್ನೂ ಬಳಸಿಕೊಳ್ಳದಿರುವುದು ಲೇಸು.

ಆಲ್ಟೊ 800ಕ್ಕೆ ಅಂಗಡಿಯಲ್ಲಿ ತೋರಿಸುವ ಗಾತ್ರಗಳು

155/65 ಆರ್13: ವ್ಯಾಸ 531.7, ಶೇ. 1 ಕಡಿಮೆ. 13ಕ್ಕೆ ಹೋಗಲೇಬೇಕೆಂದಿದ್ದರೆ ಮೊದಲ ಆಯ್ಕೆ ಇದೇ. 2010ರಲ್ಲಿ ಬಂದ ಆಲ್ಟೊ ಕೆ10ಕ್ಕೂ, 2014ರ ಕೆ10ಕ್ಕೂ ಮಾರುತಿಯೇ ಕೊಟ್ಟ ಗಾತ್ರ. ಪಕ್ಕೆ 116ರಿಂದ 101 ಮಿ.ಮೀ.ಗೆ ಇಳಿಯುವುದರಿಂದ ಗುಂಡಿಗೆ ಬಿದ್ದಾಗ ಏಟು ಒಳಗೆ ಹೆಚ್ಚು ಬರುತ್ತದೆ, ರಿಮ್ ಬಗ್ಗುವ ಸಂಭವವೂ ಹೆಚ್ಚು.

145/70 ಆರ್13: ವ್ಯಾಸ 533.2, ಶೇ. 0.7 ಕಡಿಮೆ. ಲೆಕ್ಕಕ್ಕೆ ಚೆನ್ನ, ಸಿಗುವುದು ಕಷ್ಟ.

155/70 ಆರ್13: ವ್ಯಾಸ 547.2, ಶೇ. 1.9 ಹೆಚ್ಚು. ಹಳೆಯ ಸ್ಯಾಂಟ್ರೊ ಕ್ಸಿಂಗ್‌ನ ಗಾತ್ರ, ಆದ್ದರಿಂದ ಎಲ್ಲೆಡೆ ಸಿಗುತ್ತದೆ. ಗಾಡಿ 5 ಮಿ.ಮೀ. ಏಳುತ್ತದೆ, ಪಕ್ಕೆ 108 ಮಿ.ಮೀ. ಉಳಿಯುತ್ತದೆ. ಕೆಟ್ಟ ರಸ್ತೆಯಲ್ಲೇ ಓಡಾಟ ಹೆಚ್ಚಿದ್ದರೆ, ಘಾಟಿ ಕಡಿಮೆಯಿದ್ದರೆ ಇದು 155/65ಕ್ಕಿಂತ ಮೇಲು.

165/65 ಆರ್13: ವ್ಯಾಸ 544.7. ವ್ಯಾಸ ಸರಿ, ಅಗಲ ಅನಗತ್ಯ. ಕಾರಣ ಮುಂದೆ ಹೇಳುತ್ತೇವೆ.

145/80 ಆರ್13: ಶೇ. 4.7 ಹೆಚ್ಚು. 2022ರ ಹೊಸ ಕೆ10ಕ್ಕೆ ಬರುವ ಟೈರ್ ಇದೇ. ಹೆಸರು ಒಂದೇ ಎಂದು ಅಂಗಡಿಯವರು ಇದನ್ನೇ ಕೊಡುವುದುಂಟು. ಹೊಸ ಕೆ10ರದ್ದು 998 ಸಿಸಿ, 89 ನ್ಯೂಟನ್ ಮೀಟರ್, ಅದರ ಗೇರ್ ಲೆಕ್ಕವೇ ಬೇರೆ. ಆಲ್ಟೊ 800ಕ್ಕೆ ಬೇಡ.

155/80 ಆರ್13: ಶೇ. 7.7 ಹೆಚ್ಚು. ಮಾತೇ ಇಲ್ಲ, ಬೇಡ.

ಈ ಪಟ್ಟಿಯಲ್ಲಿ ಸೇರಿಸದೆ ಬಿಟ್ಟಿರುವ ಒಂದು ಆಯ್ಕೆ ಇದೆ: ಇದ್ದ ರಿಮ್ಮಿಗೇ 145/80 ಆರ್12 ಮತ್ತೆ ಹಾಕುವುದು. ದೊಡ್ಡ ಬ್ರ್ಯಾಂಡುಗಳಲ್ಲಿ ಆರ್ಡರ್ ಕೊಟ್ಟರೆ ಒಂದೆರಡು ದಿನ ಕಾದು ತರಿಸಬಹುದು. ನಾಲ್ಕು ಹೊಸ ರಿಮ್ಮಿನ ದುಡ್ಡು ಉಳಿಯುತ್ತದೆ. ಗಾಡಿಯನ್ನು ಇನ್ನು ಎರಡು ಮೂರು ವರ್ಷ ಓಡಿಸಿ ಮಾರುವ ಯೋಚನೆಯಿದ್ದರೆ ಬೇರೆ ದಾರಿ ನೋಡುವ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ.

ಅಗಲ ಹೆಚ್ಚಿದರೆ ಗ್ರಿಪ್ ಹೆಚ್ಚುತ್ತದೆಯೇ?

ರಸ್ತೆಗೆ ತಾಗುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅಗಲದ ಟೈರ್ ಹಾಕಿ ಅದೇ ಒತ್ತಡ ಇಟ್ಟರೆ ತಾಗುವ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ತಿರುವಿನಲ್ಲಿ ಸ್ಟೀರಿಂಗಿಗೆ ಚುರುಕಾಗಿ ಸ್ಪಂದಿಸುವುದು ನಿಜ. ಆದರೆ 700 ಕೆ.ಜಿ. ಆಸುಪಾಸಿನ ಗಾಡಿ ಮಳೆಯಲ್ಲಿ 80ರ ವೇಗದಲ್ಲಿ ನಿಂತ ನೀರಿಗೆ ನುಗ್ಗಿದಾಗ ಅಗಲ ಟೈರ್ ನೀರನ್ನು ಪಕ್ಕಕ್ಕೆ ತಳ್ಳಲು ಹೆಚ್ಚು ಹೆಣಗಬೇಕು, ಬೇಗ ತೇಲುತ್ತದೆ. ಕರಾವಳಿ, ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸುವವರಿಗೆ ಕಿರಿದಾದ ಟೈರ್ ಲಾಭವೇ. ಒದ್ದೆ ರಸ್ತೆಯ ಹಿಡಿತ ಬೇಕಿದ್ದರೆ ಅಗಲಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ರಬ್ಬರಿಗೆ ಕೊಡಿ, ಕಟ್ಟು 3 ಮಿ.ಮೀ.ಗೆ ಇಳಿದಾಗಲೇ ಟೈರ್ ಬದಲಿಸಿ. 1.6 ಕಾನೂನಿನ ಮಿತಿ; ಆಗುಂಬೆಯ ಮಳೆಗೆ ಅದು ಸಾಲದು.

ಇನ್ನೊಂದು ತೊಂದರೆ ಸ್ಟೀರಿಂಗಿನದು. ಪವರ್ ಸ್ಟೀರಿಂಗ್ ಇಲ್ಲದ ಬೇಸ್ ಮಾದರಿಗೆ 165 ಅಗಲ ಹಾಕಿದರೆ ಗಾಡಿ ನಿಂತಲ್ಲಿ ತಿರುಗಿಸುವಾಗ ತೋಳು ನೋಯುತ್ತದೆ. 155ವರೆಗೆ ಸಹಿಸಬಹುದು.

ತೂಕದ ಬಗ್ಗೆ ಜನ ಸ್ವಲ್ಪ ಹೆಚ್ಚೇ ಮಾತಾಡುತ್ತಾರೆ. ಟೈರಿನ ಅಂಚಿನಲ್ಲಿ ಸೇರುವ ಒಂದು ಕಿಲೋ, ಗಾಡಿ ವೇಗ ಪಡೆಯುವಾಗ ಹತ್ತಿರಹತ್ತಿರ ಎರಡು ಕಿಲೋ ಸಾಮಾನು ಹೇರಿದಂತೆ. ಮುಂದಕ್ಕೂ ಚಲಿಸಬೇಕು, ಸುತ್ತಲೂ ಬೇಕು. ಚಕ್ರಕ್ಕೆ ಎರಡೆರಡು ಕಿಲೋ ಹೆಚ್ಚಿದರೆ ನಾಲ್ಕಕ್ಕೆ ಎಂಟು. ಪರಿಣಾಮ ಹೆಚ್ಚೆಂದರೆ 16 ಕಿಲೋ. ಹಿಂದಿನ ಸೀಟಿನಲ್ಲಿ ಒಂದು ಮಗು ಕೂತಂತೆ, ಅಷ್ಟೇ. ವ್ಯಾಸ ಶೇ. 4.7 ಏರಿದ್ದರ ಮುಂದೆ ಇದು ಚಿಕ್ಕದು. ಆದರೂ ರಿಮ್ ಕೊಳ್ಳುವಾಗ ತಕ್ಕಡಿಗೆ ಇಟ್ಟು ನೋಡಿ; ಅಲಾಯ್ ಎಂದ ಮಾತ್ರಕ್ಕೆ ಹಗುರವಲ್ಲ. ಅಗ್ಗದ ಎರಕದ ಅಲಾಯ್ ಹಲವು ಸಲ ಕಂಪನಿಯ ಉಕ್ಕಿನ ಡಿಸ್ಕಿಗಿಂತ (ಉಕ್ಕಿನ ರಿಮ್ಮಿಗಿಂತ) ಭಾರ ತೂಗುತ್ತದೆ.

ಭಾರದ ಸೂಚ್ಯಂಕ, ಮತ್ತು ಎಲ್‌ಟಿ ಟೈರಿನ ಮೋಸ

74 ಎಂದರೆ ಒಂದು ಟೈರ್ 375 ಕೆ.ಜಿ. ಹೊರಬಲ್ಲದು. 73ಕ್ಕೆ 365, 75ಕ್ಕೆ 387, 79ಕ್ಕೆ 437, 81ಕ್ಕೆ 462. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಸೂಚ್ಯಂಕ ಬೇಡ ಎನ್ನುವುದು ಸಾಮಾನ್ಯ ನಿಯಮ. 155/65 ಆರ್13ರದ್ದು 73, ಒಂದು ಕಡಿಮೆ. ಆದರೆ ಆಲ್ಟೊ 800ಕ್ಕಿಂತ ಭಾರದ ಕೆ10ಕ್ಕೇ ಕಂಪನಿ ಅದನ್ನು ಒಪ್ಪಿದ್ದರಿಂದ ಇಲ್ಲಿ ಅಂಜಬೇಕಿಲ್ಲ. ವೇಗದ ಅಕ್ಷರ ಎಸ್ ಇದ್ದರೆ 180, ಟಿ ಇದ್ದರೆ 190, ಎಚ್ ಇದ್ದರೆ 210 ಕಿ.ಮೀ. ಈ ಗಾಡಿಗೆ ಯಾವುದಾದರೂ ಧಾರಾಳ.

ಹುಷಾರಾಗಿರಬೇಕಾದ್ದು 145 ಆರ್12 ಎಲ್‌ಟಿ (ಲೈಟ್ ಟ್ರಕ್) ಎಂದು ಬರೆದ ಟೈರಿನ ಬಗ್ಗೆ. ಇದು ಓಮ್ನಿಯಂಥ ಸರಕು ಹೇರುವ ವ್ಯಾನಿಗೆ ಮಾಡಿದ್ದು, ಪಕ್ಕೆಯ ಮೇಲೆ 6ಪಿಆರ್ ಅಥವಾ 8ಪಿಆರ್ (ಪದರಗಳ ಬಲದ ಗುರುತು) ಎಂದೂ ಇರುತ್ತದೆ. ವ್ಯಾಸ ಆಲ್ಟೊ ಟೈರಿಗೆ ಹತ್ತಿರ, ರಿಮ್ಮಿಗೂ ಕೂರುತ್ತದೆ, "ಗಟ್ಟಿ ಟೈರು, ಜಾಸ್ತಿ ಬಾಳಿಕೆ" ಎಂದು ಮಾರುತ್ತಾರೆ. ಪಕ್ಕೆ ಮರದಂತೆ ಗಡುಸು, ಉರುಳುವ ಪ್ರತಿರೋಧ ಹೆಚ್ಚು, ಮೈಲೇಜ್ ಇಳಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ. ಹಗುರ ಕಾರಿಗೆ ಇದನ್ನು ಹಾಕಲೇಬೇಡಿ.

ತಯಾರಿಕೆಯ ವಾರವನ್ನೂ ನೋಡಿ. ಪಕ್ಕೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2324 ಎಂದರೆ 2024ರ 23ನೇ ವಾರ. ಸಾಗಾಟ ಕಡಿಮೆಯಿರುವ 12 ಇಂಚಿನಲ್ಲಿ ಹಳೇ ಸ್ಟಾಕ್ ಬರುವ ಸಂಭವ ಜಾಸ್ತಿ. ಒಂದು ವರ್ಷಕ್ಕಿಂತ ಹಳತಾಗಿದ್ದರೆ ಬೇರೆ ಕೇಳಿ, ಇಲ್ಲವೇ ಬೆಲೆ ಇಳಿಸಿ.

ರಿಮ್: ಕೆಡುವುದು ಹೆಚ್ಚಾಗಿ ಇಲ್ಲೇ

ಟೈರಿನ ಲೆಕ್ಕ ಸರಿಯಾದರೂ ರಿಮ್ ತಪ್ಪಿದರೆ ಎಲ್ಲ ವ್ಯರ್ಥ. ಮೊದಲು ರಿಮ್ಮಿನ ಅಗಲ. ಅದು ರಿಮ್ ಮೇಲೆ ಅಚ್ಚೊತ್ತಿರುತ್ತದೆ. 145/80ಕ್ಕೆ 4 ಇಂಚು ಅಗಲದ ರಿಮ್ ಸರಿ. 155/65ಕ್ಕೂ 155/70ಕ್ಕೂ ನಾಲ್ಕೂವರೆ ಇಂಚು ಇಟ್ಟುಕೊಳ್ಳಿ, 165/65ಕ್ಕೆ 5. ಕಿರಿದಾದ ರಿಮ್ಮಿಗೆ ಅಗಲ ಟೈರ್ ಹಾಕಿದರೆ ಅಡಿಭಾಗ ಉಬ್ಬಿ ನಡುವೆ ಮಾತ್ರ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಅಲಾಯ್ ಅಂಗಡಿಯಲ್ಲಿ ಐದೂವರೆ ಇಂಚಿನದ್ದೇ ಹೆಚ್ಚು. ಅದಕ್ಕೆ 155 ಎಳೆದು ಕೂರಿಸಿದರೆ ಪಕ್ಕೆ ಒಳಗೆ ವಾಲಿ ರಿಮ್ಮಿನ ತುಟಿ ಹೊರಗೆ ಉಳಿಯುತ್ತದೆ, ಫುಟ್‌ಪಾತಿಗೆ ಮೊದಲು ತಾಗುವುದು ಅದೇ.

ಬೋಲ್ಟ್ ತೂತುಗಳ ಅಂತರ, ಅಂಗಡಿಯ ಭಾಷೆಯಲ್ಲಿ ಪಿಸಿಡಿ. ನಾಲ್ಕು ತೂತಿನ ರಿಮ್ಮಿನಲ್ಲಿ ಅಳೆಯುವುದು ಸುಲಭ: ಎದುರುಬದುರಾದ ಎರಡು ತೂತು ಹಿಡಿದು, ಒಂದರ ಒಳ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆಯಿರಿ. ಮಾರುತಿ 800, ಓಮ್ನಿಗಳದ್ದು 114.3 ಮಿ.ಮೀ.; ಸ್ವಿಫ್ಟ್‌ನದ್ದು 100. ಒಂದೇ ಕಂಪನಿಯ ಗಾಡಿ ಎಂದು ರಿಮ್ ಹೊಂದುವುದಿಲ್ಲ. ನಿಮ್ಮ ಗಾಡಿಯ ಒಂದು ಚಕ್ರ ಬಿಚ್ಚಿ ಅಳೆದ ಮೇಲೆಯೇ ಸೆಕೆಂಡ್ ಹ್ಯಾಂಡ್ ರಿಮ್ಮಿಗೆ ಹಣ ಕೊಡಿ. ತೂತು ಸ್ವಲ್ಪ ಹಿಗ್ಗಿಸಿ, ಇಲ್ಲವೇ ನಡುವೆ ಅಡಾಪ್ಟರ್ ತಟ್ಟೆ ಇಟ್ಟು ಹೊಂದಿಸಿಕೊಡುತ್ತೇವೆ ಎಂದರೆ ಎದ್ದು ಬನ್ನಿ.

ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ದೂರ ಎಂಬುದು. 45ರ ಬದಲು 35 ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ಅದರ ಮೇಲೆ ಟೈರ್ 145ರಿಂದ 165ಕ್ಕೆ ಹೋದರೆ ಇನ್ನೊಂದು 10. ಒಟ್ಟು 20 ಮಿ.ಮೀ. ಹೊರಬಂದ ಚಕ್ರ ಫೆಂಡರಿಗೆ ಉಜ್ಜುತ್ತದೆ, ಸ್ಟೀರಿಂಗನ್ನು ಎಳೆಯುತ್ತದೆ, ವೀಲ್ ಬೇರಿಂಗ್ ಬೇಗ ಕೂಗತೊಡಗುತ್ತದೆ. ಹಳೆಯದಕ್ಕೂ ಹೊಸದಕ್ಕೂ 5 ಮಿ.ಮೀ. ಒಳಗಿನ ವ್ಯತ್ಯಾಸ ಇರುವಂತೆ ನೋಡಿಕೊಳ್ಳಿ.

ನಟ್ಟು: ಮಾರುತಿಗಳಲ್ಲಿ 12 ಮಿ.ಮೀ. ದಪ್ಪ, 1.25ರ ಎಳೆ. ಬೇರೆ ಕಂಪನಿಯ 1.5 ಎಳೆಯ ನಟ್ಟು ಎರಡು ಸುತ್ತು ಹಿಡಿದಂತೆ ಮಾಡಿ ಸ್ಟಡ್ಡಿನ (ನಟ್ಟು ಕೂರುವ ಬೋಲ್ಟಿನ) ಎಳೆ ಹಾಳು ಮಾಡುತ್ತದೆ. ಅಲಾಯ್‌ಗೆ ಅದರ ಕುಳಿಯ ಆಕಾರಕ್ಕೆ ಹೊಂದುವ ನಟ್ಟನ್ನೇ ಕೇಳಿ ತೆಗೆದುಕೊಳ್ಳಿ.

ಟ್ಯೂಬ್‌ಲೆಸ್ ವಿಷಯದಲ್ಲಿ ಹಳೇ ಗಾಡಿಯವರು ಗಮನ ಕೊಡಬೇಕು. ಟ್ಯೂಬ್‌ಲೆಸ್‌ಗೆ ಮಾಡಿದ ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ಒಳಮಗ್ಗುಲಿಗೆ ಸುತ್ತಲೂ ಒಂದು ಸಣ್ಣ ಉಬ್ಬು ಇರುತ್ತದೆ. ಗಾಳಿ ಇಳಿದಾಗ ಅಂಚು ಒಳಗೆ ಜಾರದಂತೆ ತಡೆಯುವುದು ಅದೇ. ಆ ಉಬ್ಬಿಲ್ಲದ ಹಳೇ ಡಿಸ್ಕಿಗೆ ರೇಡಿಯಲ್ ಟ್ಯೂಬ್ ಹಾಕಿಸಿಕೊಳ್ಳಿ. ಉಬ್ಬಿದ್ದರೂ ತುಕ್ಕು ಹಿಡಿದಿದ್ದರೆ ವಾರಕ್ಕೆ ನಾಲ್ಕೈದು ಪಿಎಸ್‌ಐ ಸೋರುತ್ತಲೇ ಇರುತ್ತದೆ. ತಂತಿ ಬ್ರಷ್‌ನಲ್ಲಿ ತಿಕ್ಕಿ, ಪೇಂಟ್ ಬಳಿದು, ಪೂರ್ತಿ ಒಣಗಿದ ಮೇಲೆ ಕೂರಿಸಬೇಕು. ವಾಲ್ವ್ ಪ್ರತಿ ಸಲವೂ ಹೊಸದು.

ನಾಲ್ಕೂ ಕೊಳ್ಳುವ ಮುನ್ನ ಒಂದನ್ನು ಹಾಕಿ ನೋಡಿ

ಮುಂದಿನ ಎಡಗಡೆ ಚಕ್ರದಲ್ಲಿ ಪರೀಕ್ಷೆ ಶುರು ಮಾಡಿ. ಜಾಕ್ ಮೇಲೆ ಎತ್ತಿ, ಹೊಸ ಗಾತ್ರದ ಟೈರು-ರಿಮ್ ಹಾಕಿ, ಕೈಯಲ್ಲಿ ತಿರುಗಿಸಿ. ಒಳಮಗ್ಗುಲಲ್ಲಿ ಸಸ್ಪೆನ್ಷನ್ನಿನ ಕಂಬ, ಅಂದರೆ ಸ್ಟ್ರಟ್‌ಗೂ ಟೈರಿಗೂ ನಡುವೆ ಒಂದು ಬೆರಳು ಸಲೀಸಾಗಿ ಆಡಬೇಕು. ವ್ಯಾಸ ಹೆಚ್ಚಿಸಿದ್ದರೆ ಮೇಲುಗಡೆ, ಸ್ಪ್ರಿಂಗ್ ಕೂರುವ ತಟ್ಟೆಯ ಅಡಿಯನ್ನೂ ನೋಡಿ. ಸಣ್ಣ ಗಾಡಿಗಳಲ್ಲಿ ಆ ಜಾಗ ಇಕ್ಕಟ್ಟು, ಬರಿಗಣ್ಣಿಗೆ ತಟ್ಟನೆ ಕಾಣುವುದೂ ಇಲ್ಲ. ಆಮೇಲೆ ಗಾಡಿ ಕೆಳಗಿಳಿಸಿ ಸ್ಟೀರಿಂಗನ್ನು ಎರಡೂ ಕಡೆ ಫುಲ್ ಲಾಕ್ ತಿರುಗಿಸಿ, ಮಡ್‌ಗಾರ್ಡಿನ ಪ್ಲಾಸ್ಟಿಕ್ಕಿಗೆ ತಾಗುತ್ತದೆಯೇ ಪರೀಕ್ಷಿಸಿ.

ನಿಂತ ಗಾಡಿಯಲ್ಲಿ ತಾಗಲಿಲ್ಲ ಎಂದರೆ ಮುಗಿಯಲಿಲ್ಲ. ಹಿಂದಿನ ಚಕ್ರಕ್ಕೂ ಹಾಕಿ, ಹಿಂದೆ ಮೂವರನ್ನು ಕೂರಿಸಿ, ಒಂದು ಹಂಪನ್ನು ಕೊಂಚ ವೇಗದಲ್ಲಿ ದಾಟಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದಿಟ್ಟಿದ್ದರೆ ಎಲ್ಲಿ ಉಜ್ಜಿತು ಎಂಬುದು ಒಳಗೆ ಬಿಳಿ ಗುರುತಾಗಿ ಸಿಗುತ್ತದೆ. ಎಸ್ಟೇಟ್ ರಸ್ತೆಗಳಲ್ಲಿ ಓಡಿಸುವವರು ಕೆಸರಿಗೂ ಜಾಗ ಬಿಡಬೇಕು. ಬೇಸಿಗೆಯಲ್ಲಿ ತಾಗದ ಟೈರ್ ಮಳೆಗಾಲದಲ್ಲಿ ಮೆತ್ತಿದ ಕೆಮ್ಮಣ್ಣಿಗೆ ಉಜ್ಜುತ್ತದೆ.

ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಹೊರವ್ಯಾಸ ಶೇ. 1ರ ವ್ಯತ್ಯಾಸದಲ್ಲಿದ್ದರೆ ಹಳೇ 145/80 ಆರ್12 ಸ್ಟೆಪ್ನಿಯನ್ನೇ ಇಟ್ಟುಕೊಳ್ಳಬಹುದು, ಆದರೆ ಅಲಾಯ್ ನಟ್ಟು ಉಕ್ಕಿನ ಡಿಸ್ಕಿಗೆ ಹೊಂದದಿದ್ದರೆ ಹಳೆಯ ನಾಲ್ಕು ನಟ್ಟೂ ಡಿಕ್ಕಿಯಲ್ಲಿರಬೇಕು. ವ್ಯತ್ಯಾಸ ಹೆಚ್ಚಿದ್ದರೆ ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿ ದೂರ ಓಡಿಸಬೇಡಿ. ಮುಂದಿನ ಚಕ್ರಗಳೇ ಎಳೆಯುವ ಗಾಡಿ ಇದು. ಎರಡೂ ಬದಿಯ ವ್ಯಾಸ ಬೇರೆಯಾದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಗೇರು) ಒಳಗಿನ ಹಲ್ಲುಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಪಂಕ್ಚರ್ ಮುಂದೆ ಆಗಿದ್ದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ. ಹತ್ತು ನಿಮಿಷದ ಕೆಲಸ ಹೆಚ್ಚು, ಅಷ್ಟೇ.

ಎರಡೇ ಟೈರ್ ಕೊಳ್ಳುವಷ್ಟು ದುಡ್ಡಿದ್ದರೆ? ಗಾತ್ರ ಬದಲಿಸುವುದನ್ನು ಮುಂದೂಡಿ, ಅದೇ ಗಾತ್ರದ ಎರಡು ತೆಗೆದುಕೊಂಡು ಹಿಂದಕ್ಕೆ ಹಾಕಿಸಿ. ಅಂಗಡಿಯವರು "ಎಂಜಿನ್ ಮುಂದಿದೆ, ಹೊಸದು ಮುಂದೆ ಹಾಕಿ" ಎನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನವು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹತೋಟಿಗೆ ಬರುತ್ತದೆ. ಹಿಂದಿನವು ಜಾರಿದರೆ ಗಾಡಿ ಸುತ್ತಿಬಿಡುತ್ತದೆ. ಸಾಮಾನ್ಯ ಚಾಲಕರಿಗೆ ಅದನ್ನು ಸರಿಪಡಿಸಲು ಆಗದು.

ಬೇರೆ ಸಣ್ಣ ಗಾಡಿಗಳಿಗೆ

ಕ್ವಿಡ್, 2019ರ ವ್ಯಾಗನ್ ಆರ್, ಹಿಂದಿನ ತಲೆಮಾರಿನ ಸೆಲೆರಿಯೊ: ಈ ಮೂರರಲ್ಲೂ ಕಂಪನಿಯವರು 155/80 ಆರ್13 ಮತ್ತು 165/70 ಆರ್14 ಎರಡನ್ನೂ ಬಳಸಿದ್ದಾರೆ. ವ್ಯಾಸ 578.2 ಮತ್ತು 586.6, ಶೇ. 1.5ರ ಅಂತರ. ಕೆಳಗಿನ ವೇರಿಯಂಟ್ ಇರುವವರು ಮೇಲಿನದರ ಗಾತ್ರಕ್ಕೆ ಹೋಗುವುದೇ ಎಲ್ಲಕ್ಕಿಂತ ನಿರಾತಂಕ, ವಿಮೆಯವರಿಗೆ ಉತ್ತರ ಕೊಡುವುದೂ ಸುಲಭ. ಆದರೆ 54 ಪಿಎಸ್‌ನ 0.8 ಲೀಟರ್ ಕ್ವಿಡ್‌ಗೆ ಅಲ್ಲಿಂದ ಮೇಲೆ ಹೋಗಬೇಡಿ.

ಹೊಸ ಕೆ10ರ 145/80 ಆರ್13ಕ್ಕೆ 165/70 ಆರ್13 ವ್ಯಾಸದಲ್ಲಿ ಬಹುತೇಕ ಸಮ, 561.2. ರಿಮ್ ನಾಲ್ಕೂವರೆ ಇಂಚಿಗಿಂತ ಕಿರಿದಾಗಿದ್ದರೆ ಕೂರಿಸಬೇಡಿ. 155/80 ಆರ್13 ಹಾಕಿದರೆ ಶೇ. 2.8 ಏರುತ್ತದೆ; 89 ನ್ಯೂಟನ್ ಮೀಟರ್ ಇರುವ ಗಾಡಿ ಸಹಿಸಿಕೊಳ್ಳುತ್ತದೆ, ಗುಂಡಿ ರಸ್ತೆಯಲ್ಲಿ ಹಿತವೂ ಹೌದು.

ನ್ಯಾನೊ ಪೂರ್ತಿ ಬೇರೆ ಜಾತಿ. ಎಂಜಿನ್ ಹಿಂದೆ, ಎಳೆಯುವುದೂ ಹಿಂದಿನ ಚಕ್ರ. ಮುಂದೆ 135/70 ಆರ್12, ಹಿಂದೆ 155/65 ಆರ್12. ಹಿಂಭಾರದ ಗಾಡಿ ತಿರುವಿನಲ್ಲಿ ಬಾಲ ಬೀಸದಿರಲಿ ಎಂದೇ ಹಿಂದೆ ಅಗಲ ಕೊಟ್ಟಿದ್ದಾರೆ. ನಾಲ್ಕೂ ಒಂದೇ ಇರಲಿ ಎಂದು ಮುಂದೆಯೂ 155 ಹಾಕಿಸಿದರೆ ಆ ಲೆಕ್ಕವೇ ಕೆಡುತ್ತದೆ. ಮುಂದಿನದನ್ನು ಹಿಂದಕ್ಕೆ ಬದಲಾಯಿಸುವ ರೊಟೇಶನ್ ಕೂಡ ಇದಕ್ಕಿಲ್ಲ.

ಹಾಕಿಸಿದ ಮೇಲೆ

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ನಟ್ಟನ್ನು ಗನ್ನಿನಲ್ಲಿ ಬಿಗಿದು ಬಿಡಲು ಬಿಡಬೇಡಿ. ಕೊನೆಯ ಬಿಗಿ ಕೈ ಸ್ಪಾನರಿನಲ್ಲಿ, ಅಡ್ಡಡ್ಡ ಕ್ರಮದಲ್ಲಿ, ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕಿಗೆ. ಅಲಾಯ್ ಆಗಿದ್ದರೆ ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಗಾಳಿ ಚಾಲಕನ ಬಾಗಿಲ ಬಳಿಯ ಸ್ಟಿಕರಿನಂತೆ, ತಣ್ಣಗಿರುವಾಗ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ ನಡುವೆ ಇರುತ್ತದೆ. 155/65ಕ್ಕೆ ಹೋದವರು ಕೆ10ರ ಸ್ಟಿಕರ್ ನೋಡಿ ಅಷ್ಟು ಇಡಲಿ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಓಡಿ ಬಂದು ಅಳೆದಾಗ ನಾಲ್ಕೈದು ಹೆಚ್ಚು ತೋರಿಸುತ್ತದೆ. ಬಿಸಿ ಟೈರಿನಿಂದ ಆ ಗಾಳಿ ಬಿಟ್ಟರೆ ಬೆಳಗ್ಗೆ ಕಡಿಮೆಯಾಗಿರುತ್ತದೆ, ಪಕ್ಕೆ ಮಡಚಿ ಮಡಚಿ ಇನ್ನಷ್ಟು ಬಿಸಿಯಾಗಿ ಸಿಡಿಯುವುದು ಹಾಗೆ ಓಡಿಸಿದಾಗಲೇ.

ಮೈಲೇಜ್ ಲೆಕ್ಕವನ್ನು ತಿದ್ದಿಕೊಳ್ಳಿ. ಓಡೋಮೀಟರ್ ಎಣಿಸುವುದು ಸುತ್ತುಗಳನ್ನು, ಕಿಲೋಮೀಟರನ್ನಲ್ಲ. ಶೇ. 4.7 ದೊಡ್ಡ ಟೈರ್ ಇದ್ದವರ ಮೀಟರಿನಲ್ಲಿ 400 ಕಿ.ಮೀ. ತೋರಿಸಿದಾಗ ಗಾಡಿ ಓಡಿರುವುದು ಸುಮಾರು 419. ಇಪ್ಪತ್ತು ಲೀಟರ್ ಹಿಡಿದಿದ್ದರೆ ಕಾಗದದ ಮೇಲೆ 20, ನಿಜಕ್ಕೆ 20.9. ಚಿಕ್ಕ ಟೈರ್ ಹಾಕಿದವರದ್ದು ಇದರ ತಿರುವುಮುರುವು: ಮೈಲೇಜ್ ಹೆಚ್ಚಾಯಿತೆಂದು ಸಂತೋಷಪಡುತ್ತಾರೆ, ಓಡಿದ್ದು ಕಡಿಮೆ. ಸ್ಪೀಡೋಮೀಟರಿಗೂ ಇದೇ ನ್ಯಾಯ. ಸಾಮಾನ್ಯವಾಗಿ ಅದು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆಯೇ ಇರುತ್ತದೆ. ದೊಡ್ಡ ಟೈರ್ ಆ ಅಂತರವನ್ನು ತಿಂದುಹಾಕಿದರೆ 80 ಎಂದು ನಂಬಿ 83ರಲ್ಲಿ ಹೋಗುತ್ತಿರುತ್ತೀರಿ. ಫೋನಿನ ಜಿಪಿಎಸ್ ಆನ್ ಮಾಡಿ, ನೇರ ರಸ್ತೆಯಲ್ಲಿ ಮೀಟರ್ 60 ಮತ್ತು 80 ತೋರಿಸುವಾಗ ಎಷ್ಟು ಬರುತ್ತದೆ ನೋಡಿ, ಆ ಎರಡು ಅಂಕಿಗಳನ್ನು ಬರೆದು ಗ್ಲೋವ್ ಬಾಕ್ಸಿನಲ್ಲಿಟ್ಟುಕೊಳ್ಳಿ.